‘ಪಿನ್ ನಂಬರ್’ನ ಬಾಲ ಕತ್ತರಿಸಬೇಕೆ?

ಪ್ರಶ್ನೆ: ಕಚೇರಿಯ ಪ್ರಕಟಣೆ, ಅರ್ಜಿ ನಮೂನೆ, ಎಸ್‌ಎಂಎಸ್ ಒಕ್ಕಣೆಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ನನ್ನದು. ‘ಎಟಿಎಂ ಮಷೀನ್’, ‘ಪಿನ್ ನಂಬರ್’, ‘ಜಿಎಸ್‌ಟಿ ತೆರಿಗೆ’ ಎಂದು ಬರೆದಾಗಲೆಲ್ಲ ಕರಡು ತಿದ್ದುವವರು ‘ಎಂ ಅಂದರೇನೇ ಮಷೀನ್ ಅಲ್ಲವೆ?’ ಎಂದು ಕೆಂಪು ಗೆರೆ ಎಳೆಯುತ್ತಾರೆ. ಅವರು ಹೇಳಿದಂತೆ ತೆಗೆದರೆ ಕೆಲವು ಕಡೆ ವಾಕ್ಯ ಕುಂಟುತ್ತದೆ. ಇವು ನಿಜಕ್ಕೂ ತಪ್ಪೇ? ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು?

ಉತ್ತರ: ಕರಡು ತಿದ್ದುವವರ ಲೆಕ್ಕ ಸರಿ, ತೀರ್ಪು ಅರ್ಧ ಸರಿ. ಎಟಿಎಂ ಎಂದರೆ ಆಟೊಮೇಟೆಡ್ ಟೆಲ್ಲರ್ ಮಷೀನ್, ಪಿನ್ ಎಂದರೆ ಪರ್ಸನಲ್ ಐಡೆಂಟಿಫಿಕೇಶನ್ ನಂಬರ್, ಜಿಎಸ್‌ಟಿಯ ಕೊನೆಯ ಟಿ ಟ್ಯಾಕ್ಸ್. ಬಿಡಿಸಿ ಓದಿದರೆ ‘ಮಷೀನ್ ಮಷೀನ್’, ‘ನಂಬರ್ ನಂಬರ್’, ‘ತೆರಿಗೆ ತೆರಿಗೆ’ ಎಂದೇ ಆಗುತ್ತದೆ. ಆದರೆ ಹಾಗೆ ಬಿಡಿಸಿ ಓದುವವರು ಯಾರು? ನಿಮ್ಮ ಮೂರು ಉದಾಹರಣೆಗಳಲ್ಲಿ ‘ಜಿಎಸ್‌ಟಿ ತೆರಿಗೆ’ಯ ಬಾಲವನ್ನು ಎಲ್ಲಿ ಕಂಡರೂ ಕತ್ತರಿಸಬಹುದು. ‘ಎಟಿಎಂ ಮಷೀನ್’ ಅನ್ನು ಹೆಚ್ಚಿನ ಕಡೆ ಕತ್ತರಿಸಬಹುದು. ‘ಪಿನ್ ನಂಬರ್’ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ನೋಡಬೇಕು. ಯಾಕೆ ಎಂಬುದಕ್ಕೆ ಉತ್ತರ ಇಂಗ್ಲಿಷಿನ ವಿಸ್ತರಣೆಯಲ್ಲಿಲ್ಲ, ಕನ್ನಡದ ವಿಭಕ್ತಿಯಲ್ಲಿದೆ.

ಮೊದಲು ಈ ರೋಗದ ಹೆಸರು. ಇಂಗ್ಲಿಷಿನಲ್ಲಿ ಇದನ್ನು ತಮಾಷೆಗೆ ‘ಆರ್‌ಎಎಸ್ ಸಿಂಡ್ರೋಮ್’ ಎನ್ನುತ್ತಾರೆ. ಬಿಡಿಸಿದರೆ ‘ರಿಡಂಡಂಟ್ ಅಕ್ರೊನಿಮ್ ಸಿಂಡ್ರೋಮ್ ಸಿಂಡ್ರೋಮ್’, ಅಂದರೆ ‘ಸಂಕ್ಷಿಪ್ತ ರೂಪಗಳ ಪುನರುಕ್ತಿ ರೋಗದ ರೋಗ’. ಹೆಸರೇ ತಾನು ಹೆಸರಿಸುವ ದೋಷವನ್ನು ಮಾಡಿ ತೋರಿಸುತ್ತದೆ. 2001ರಲ್ಲಿ ನ್ಯೂ ಸೈಂಟಿಸ್ಟ್ ವಾರಪತ್ರಿಕೆಯ ಲಘು ಅಂಕಣವೊಂದರಲ್ಲಿ ಈ ಹೆಸರು ಹುಟ್ಟಿತು. ಚಾಳಿ ಮಾತ್ರ ಅದಕ್ಕಿಂತ ಹಳೆಯದು, ಸಂಕ್ಷಿಪ್ತ ರೂಪಗಳಿಗಷ್ಟೇ ಸೀಮಿತವೂ ಅಲ್ಲ. ಅರಬ್ಬಿಯಲ್ಲಿ ಸಹಾರಾ ಎಂಬ ಪದಕ್ಕೆ ಮೂಲದಲ್ಲಿ ಮರುಭೂಮಿ ಎಂದೇ ಅರ್ಥ. ‘ಸಹಾರಾ ಮರುಭೂಮಿ’ ಎಂದು ಭೂಗೋಳದ ಪಾಠದಲ್ಲಿ ಓದಿದವರಿಗೆ ಅದು ತಪ್ಪೆಂದು ಅನಿಸಿಯೇ ಇರುವುದಿಲ್ಲ. ಪರಭಾಷೆಯ ಪದದ ಒಳಗೆ ಅಡಗಿರುವ ಅರ್ಥ ಕಿವಿಗೆ ಬೀಳುವುದಿಲ್ಲ. ಬೀಳದ ಕಡೆ ನಮ್ಮ ಪದವೊಂದನ್ನು ಪಕ್ಕಕ್ಕಿಟ್ಟು ಅರ್ಥ ಮಾಡಿಕೊಳ್ಳುತ್ತೇವೆ.

ಕನ್ನಡದಲ್ಲಿ ಇದು ಇನ್ನೂ ಸಲೀಸು. ‘ಕೆಲಸಕಾರ್ಯ’, ‘ಶಕ್ತಿಸಾಮರ್ಥ್ಯ’ ಎಂದು ಒಂದೇ ಅರ್ಥದ ಎರಡು ಪದಗಳನ್ನು ಜೋಡಿಸುವುದು ಈ ಭಾಷೆಗೆ ಹೊಸದಲ್ಲ. ‘ಕಟ್ಟಕಡೆ’, ‘ನಟ್ಟನಡು’, ‘ತುತ್ತತುದಿ’ಗಳನ್ನು ವ್ಯಾಕರಣವೇ ದ್ವಿರುಕ್ತಿ ಎಂದು ಕರೆದು ಒಪ್ಪಿಕೊಂಡಿದೆ. ಹಾಗಾಗಿ ‘ಎರಡು ಸಲ ಬಂತು, ಆದ್ದರಿಂದ ತಪ್ಪು’ ಎಂಬ ವಾದ ಇಲ್ಲಿ ತಾನಾಗಿಯೇ ನಿಲ್ಲುವುದಿಲ್ಲ. ಎರಡನೆಯ ಪದ ಏನಾದರೂ ಕೆಲಸ ಮಾಡುತ್ತಿದೆಯೇ ಎಂಬುದೇ ಪ್ರಶ್ನೆ.

ಅದು ಮಾಡುವ ಮೊದಲ ಕೆಲಸ ಪ್ರತ್ಯಯಕ್ಕೆ ಹಿಡಿ ಒದಗಿಸುವುದು. ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ. 17 ಹೆಸರುಗಳು ಸ್ವರದಲ್ಲಿ ಮುಗಿಯುತ್ತವೆ: ಬಿ, ಸಿ, ಟಿ, ಪಿ, ಐ, ಒ, ಯು ಇತ್ಯಾದಿ. ಒಂಬತ್ತು ವ್ಯಂಜನದಲ್ಲಿ ಮುಗಿಯುತ್ತವೆ: ಎಫ್, ಎಚ್, ಎಲ್, ಎಂ, ಎನ್, ಆರ್, ಎಸ್, ಎಕ್ಸ್, ಝಡ್. ಜಿಎಸ್‌ಟಿ ಮೊದಲ ಗುಂಪಿನದು. ‘ಜಿಎಸ್‌ಟಿಯನ್ನು’, ‘ಜಿಎಸ್‌ಟಿಯಲ್ಲಿ’, ‘ಜಿಎಸ್‌ಟಿಯಿಂದ’ ಎಂದು ಯಕಾರ ಬಂದು ಎಣ್ಣೆ ಹಾಕಿದ ಹಾಗೆ ಜಾರುತ್ತದೆ. ಅಲ್ಲಿ ‘ತೆರಿಗೆ’ ಬಂದರೆ ಅದು ಬರೀ ಭಾರ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಎರಡನೆಯ ಗುಂಪಿನದು. ‘ಐಎಸ್‌ಬಿಎನ್ ಅನ್ನು’, ‘ಐಎಸ್‌ಬಿಎನ್‌ನಲ್ಲಿ’ ಎನ್ನುವಾಗ ನಾಲಿಗೆ ಎಡವುತ್ತದೆ, ಬರೆಯುವಾಗ ಕೀಲಿಮಣೆಯೂ ಎಡವುತ್ತದೆ. ‘ಐಎಸ್‌ಬಿಎನ್ ಸಂಖ್ಯೆಯನ್ನು’ ಎಂದ ಕೂಡಲೇ ಎರಡೂ ಸುಗಮ. ಆ ಎನ್ ಎಂದರೆ ನಂಬರ್ ಎಂಬುದು ಬರೆದವನಿಗೆ ಗೊತ್ತಿಲ್ಲ ಎಂದೇ ತೀರ್ಮಾನಿಸಬೇಡಿ. ಎಷ್ಟೋ ಸಲ ಅವನು ಹುಡುಕುತ್ತಿದ್ದುದು ‘ಯನ್ನು’ ಅಂಟಿಸಲು ಒಂದು ಜಾಗ. ನಿಮ್ಮ ವಾಕ್ಯ ಕುಂಟಿದ್ದೂ ಬಹುಶಃ ಇಂಥ ಕಡೆಯೇ.

ಹಾಗೆಂದು ಹಿಡಿ ಬೇಕಾದಾಗಲೆಲ್ಲ ಬಾಲ ಉಳಿಸಬೇಕಾಗಿಲ್ಲ. ನಿರ್ಜೀವ ವಸ್ತು ಕರ್ಮವಾದಾಗ ಕನ್ನಡ ಎಷ್ಟೋ ಸಲ ‘ಅನ್ನು’ ಪ್ರತ್ಯಯವನ್ನೇ ಬಿಟ್ಟುಬಿಡುತ್ತದೆ. ‘ಪುಸ್ತಕ ಕೊಡು’, ‘ಬಾಗಿಲು ಹಾಕು’ ಎನ್ನುವ ಹಾಗೆಯೇ ‘ಐಎಸ್‌ಬಿಎನ್ ನಮೂದಿಸಿ’, ‘ಪಿನ್ ಒತ್ತಿ’. ಪ್ರತ್ಯಯ ಹೋದರೆ ಬಾಲದ ಅಗತ್ಯವೂ ಹೋಗುತ್ತದೆ.

ಎಸ್‌ಎಂಎಸ್ ಒಕ್ಕಣೆಯಲ್ಲಿ ಇದರ ಲಾಭವನ್ನು ಎಣಿಸಿಯೇ ನೋಡಬಹುದು. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತವೆ. ಕನ್ನಡದಂಥ ಯೂನಿಕೋಡ್ ಲಿಪಿಗಾದರೆ 70 ಮಾತ್ರ. ಈ 70ರಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ, ಖಾಲಿ ಜಾಗ ಎಲ್ಲವೂ ಒಂದೊಂದು ಲೆಕ್ಕ. ‘ಸಂಖ್ಯೆ’ ನೋಡಲು ಎರಡೇ ಅಕ್ಷರ, ಲೆಕ್ಕಕ್ಕೆ ಆರು. ‘ನಿಮ್ಮ ಪಿನ್ ಸಂಖ್ಯೆಯನ್ನು ಯಾರಿಗೂ ತಿಳಿಸಬೇಡಿ.’ ಎಂಬ ವಾಕ್ಯ ಚುಕ್ಕಿಯೂ ಸೇರಿ 40. ‘ನಿಮ್ಮ ಪಿನ್ ಯಾರಿಗೂ ತಿಳಿಸಬೇಡಿ.’ ಎಂದರೆ 28. ಒಂದೇ ಬಾಲಕ್ಕೆ 12 ಸ್ಥಾನ ಹೋಯಿತು. 70 ದಾಟಿದರೆ ಸಂದೇಶ ತುಂಡಾಗುತ್ತದೆ. ಆಗ ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಬೇಕಾಗುವುದರಿಂದ ಪ್ರತಿ ತುಂಡಿಗೆ 67 ಸ್ಥಾನ ಮಾತ್ರ ಉಳಿಯುತ್ತದೆ. ಆದ್ದರಿಂದ ಎಸ್‌ಎಂಎಸ್‌ನಲ್ಲಿ ನಿಮ್ಮ ಕರಡು ತಿದ್ದುವವರ ಪಕ್ಷವೇ ಗಟ್ಟಿ.

ಎರಡನೆಯ ಕೆಲಸ, ಒಂದೇ ಉಚ್ಚಾರದ ಹಲವು ಅರ್ಥಗಳನ್ನು ಬೇರೆ ಮಾಡುವುದು. ‘ಪಿನ್’ ಇದಕ್ಕೆ ಅತ್ಯುತ್ತಮ ಉದಾಹರಣೆ. ಬಟ್ಟೆಗೆ ಚುಚ್ಚುವ ಪಿನ್ ಇದೆ, ಚಾರ್ಜರ್‌ನ ಪಿನ್ ಇದೆ, ಕಾರ್ಡಿನ ಗುಪ್ತ ಪಿನ್ ಇದೆ, ಅಂಚೆಯ ಪಿನ್ ಇದೆ. ಕೊನೆಯೆರಡರ ವಿಸ್ತರಣೆಯೂ ಬೇರೆ. ಭಾರತೀಯ ಅಂಚೆ 1972ರ ಆಗಸ್ಟ್ 15ರಂದು ಜಾರಿಗೆ ತಂದ ಆರು ಅಂಕಿಗಳ ಪಿನ್ ಎಂದರೆ ಪೋಸ್ಟಲ್ ಇಂಡೆಕ್ಸ್ ನಂಬರ್. ಆ ಪ್ರಕಾರ ‘ಪಿನ್‌ಕೋಡ್’ ಎಂಬುದರಲ್ಲೇ ಒಂದು ಪುನರುಕ್ತಿಯ ವಾಸನೆ ಇದೆ, ‘ಪಿನ್‌ಕೋಡ್ ಸಂಖ್ಯೆ’ಯಲ್ಲಿ ಎರಡು. ಆದರೂ ‘ಪಿನ್‌ಕೋಡ್’ ಎಂಬುದನ್ನು ಮುಟ್ಟಬೇಡಿ. ಆ ‘ಕೋಡ್’ ಇರುವುದರಿಂದಲೇ ಅದು ವಿಳಾಸದ್ದು ಎಂದು ಓದುಗನಿಗೆ ತಕ್ಷಣ ಹೊಳೆಯುತ್ತದೆ. ‘ಸಂಖ್ಯೆ’ಯನ್ನು ಮಾತ್ರ ತೆಗೆಯಿರಿ. ವಿಳಾಸವೂ ಕಾರ್ಡಿನ ವಿವರವೂ ಒಂದೇ ಪುಟದಲ್ಲಿ ಬರುವ ನಮೂನೆಯಲ್ಲಿ ಬರೀ ‘ಪಿನ್’ ಎಂದು ಶೀರ್ಷಿಕೆ ಕೊಟ್ಟರೆ ಏನಾಗುತ್ತದೆ ಊಹಿಸಿ. ವಿಳಾಸದ ಖಾನೆಯಲ್ಲಿ ಯಾರಾದರೂ ತಮ್ಮ ಗುಪ್ತ ಸಂಖ್ಯೆಯನ್ನೇ ತುಂಬಿಬಿಡಬಹುದು. ಅಲ್ಲಿ ‘ಪಿನ್‌ಕೋಡ್’ ಮತ್ತು ‘ಕಾರ್ಡಿನ ಪಿನ್’ ಎಂದು ಬರೆಯುವುದೇ ಕ್ಷೇಮ. ಗಮನಿಸಿ, ‘ಕಾರ್ಡಿನ’ ಎಂಬ ಮುಂಪದ ಮಾಡುವ ಕೆಲಸವನ್ನು ‘ಸಂಖ್ಯೆ’ ಎಂಬ ಬಾಲ ಮಾಡಲಾರದು.

ಎಸಿ, ಡಿಸಿಗಳದೂ ಇದೇ ಕಥೆ. ವಿದ್ಯುತ್ತಿನ ಪಾಠದಲ್ಲಿ ಸಿ ಎಂದರೇ ಕರೆಂಟ್, ಹಾಗಾಗಿ ‘ಡಿಸಿ ಕರೆಂಟ್’ ಪುನರುಕ್ತಿ. ಆದರೆ ಕರ್ನಾಟಕದಲ್ಲಿ ಬರೀ ‘ಡಿಸಿ’ ಎಂದರೆ ಮೊದಲು ನೆನಪಾಗುವುದು ಜಿಲ್ಲಾಧಿಕಾರಿ, ‘ಎಸಿ’ ಎಂದರೆ ಉಪವಿಭಾಗಾಧಿಕಾರಿ ಅಥವಾ ಕೋಣೆ ತಂಪು ಮಾಡುವ ಯಂತ್ರ. ಎಲೆಕ್ಟ್ರಿಷಿಯನ್ ಬಾಯಲ್ಲಿ ‘ಡಿಸಿ ಕರೆಂಟ್’ ಬಂದರೆ ಅದು ಅಜ್ಞಾನವಲ್ಲ, ಎಚ್ಚರ. ವಿದ್ಯುತ್ತಿನದೇ ಲೇಖನವಾದರೆ ‘ಡಿಸಿ’ ಸಾಕು. ‘ಡಿಸಿ ವೋಲ್ಟೇಜ್’ ಬಿಡಿಸಿದರೆ ವಿಚಿತ್ರವಾಗಿ ಕಂಡರೂ ಎಂಜಿನಿಯರುಗಳ ನಿತ್ಯದ ಮಾತು. ಅದರಲ್ಲಿ ಪುನರುಕ್ತಿ ಇಲ್ಲ.

ಫೋನಿನಲ್ಲಿ, ಗದ್ದಲದಲ್ಲಿ ಆಡುವ ಮಾತಿಗೂ ಕಾಗದದ ನಿಯಮ ಹೊರಿಸಬೇಡಿ. ಸದ್ದಿನ ನಡುವೆ ಸಂದೇಶ ಕೆಡದೆ ತಲುಪಲು ಒಂದಿಷ್ಟು ಹೆಚ್ಚುವರಿ ಬೇಕೇ ಬೇಕು ಎಂಬುದು 1948ರಲ್ಲಿ ಕ್ಲಾಡ್ ಶಾನನ್ ಮಂಡಿಸಿದ ಮಾಹಿತಿ ಸಿದ್ಧಾಂತದಿಂದ ಬಂದ ತಿಳಿವಳಿಕೆ. ‘ಪಿನ್’ ಎಂಬ ಒಂದೇ ಉಸಿರಿನ ಪದ ಅರ್ಧ ಕೇಳಿಸದೇ ಹೋಗಬಹುದು, ‘ಪಿನ್ ನಂಬರ್’ ತಪ್ಪುವುದು ಕಷ್ಟ. ಸಹಾಯವಾಣಿಯ ಧ್ವನಿಮುದ್ರಿತ ಒಕ್ಕಣೆ ಬರೆಯುತ್ತಿದ್ದರೆ ಬಾಲವನ್ನು ಉಳಿಸಿಕೊಳ್ಳಿ.

ಇನ್ನು ಪುನರುಕ್ತಿ ಅಲ್ಲವೇ ಅಲ್ಲದವನ್ನೂ ಉತ್ಸಾಹದಲ್ಲಿ ಹೊಡೆದುಹಾಕುವ ಅಪಾಯ. ಸಂಕ್ಷಿಪ್ತ ರೂಪದ ಯಾವುದೋ ಒಂದು ಅಕ್ಷರ ಬಾಲಕ್ಕೆ ಹೊಂದಿದರೆ ಸಾಲದು. ಮುಖ್ಯಪದವಾಗಿರುವ ಅಕ್ಷರ, ಸಾಮಾನ್ಯವಾಗಿ ಕೊನೆಯದು, ಹೊಂದಬೇಕು. ಎಲ್‌ಇಡಿಯಲ್ಲಿ ಎಲ್ ಲೈಟ್ ನಿಜ, ಆದರೆ ವಸ್ತು ಡಯೋಡ್. ಹಾಗಾಗಿ ‘ಎಲ್‌ಇಡಿ ದೀಪ’ ಸರಿ. ಎಲ್‌ಸಿಡಿಯ ಡಿ ಡಿಸ್‌ಪ್ಲೇ, ಹಾಗಾಗಿ ‘ಎಲ್‌ಸಿಡಿ ಡಿಸ್‌ಪ್ಲೇ’ ಪುನರುಕ್ತಿ. ಸಿಮ್‌ನ ಎಂ ಮಾಡ್ಯೂಲ್, ಕಾರ್ಡ್ ಅಲ್ಲ. ‘ಸಿಮ್ ಕಾರ್ಡ್’ ಎಂದರೆ ಆ ಮಾಡ್ಯೂಲ್ ಕೂರಿಸಿದ ಪ್ಲಾಸ್ಟಿಕ್ ತುಂಡು. ಕಾರ್ಡೇ ಇಲ್ಲದ ಇ-ಸಿಮ್ ಬಂದ ಮೇಲಂತೂ ಎರಡನ್ನೂ ಬೇರೆಯಾಗಿ ಹೇಳಬೇಕಾದ ಅಗತ್ಯ ಹೆಚ್ಚಿದೆ. ಪಿಡಿಎಫ್‌ನ ಎಫ್ ಫಾರ್ಮ್ಯಾಟ್, ಫೈಲ್ ಅಲ್ಲ. ಆದ್ದರಿಂದ ‘ಪಿಡಿಎಫ್ ಫೈಲ್’ ಇರಲಿ, ‘ಪಿಡಿಎಫ್ ಫಾರ್ಮ್ಯಾಟ್’ ಹೋಗಲಿ, ‘ಪಿಡಿಎಫ್ ರೂಪದಲ್ಲಿ’ ಎಂಬುದನ್ನು ನಾನಂತೂ ಉಳಿಸಿಕೊಳ್ಳುತ್ತೇನೆ, ಏಕೆಂದರೆ ‘ಪಿಡಿಎಫ್‌ನಲ್ಲಿ’ ಎಂದರೆ ಫೈಲಿನ ಒಳಗೆ ಎಂಬ ಬೇರೆಯೇ ಅರ್ಥ ಬಂದುಬಿಡುತ್ತದೆ. ಐಎಂಇಐನ ಕೊನೆಯ ಐ ಐಡೆಂಟಿಟಿ, ‘ಐಎಂಇಐ ಸಂಖ್ಯೆ’ಗೆ ದೋಷವಿಲ್ಲ. ‘ಒಪೆಕ್ ದೇಶಗಳು’ ಎನ್ನುವಾಗ ಒಪೆಕ್ ಸಂಘಟನೆಯ ಹೆಸರು, ದೇಶಗಳು ಅದರ ಸದಸ್ಯರು. ‘ಆಧಾರ್ ಸಂಖ್ಯೆ’ಯನ್ನೂ ಕೆಲವರು ತಿದ್ದುವುದುಂಟು. ಆಧಾರ್ ಸಂಕ್ಷಿಪ್ತ ರೂಪವೇ ಅಲ್ಲ, ಅಲ್ಲಿ ತಿದ್ದಲು ಏನೂ ಇಲ್ಲ.

ಪ್ಯಾನ್ ವಿಷಯದಲ್ಲಿ ಸೂಕ್ಷ್ಮವಿದೆ. ಅದರ ಎನ್ ನಂಬರ್, ಹಾಗಾಗಿ ‘ಪ್ಯಾನ್ ನಂಬರ್’ ಪುನರುಕ್ತಿ. ‘ಪ್ಯಾನ್ ಕಾರ್ಡ್’ ಅಲ್ಲ. ನಮೂನೆಯಲ್ಲಿ ‘ಪ್ಯಾನ್’ ಎಂದರೆ ಹತ್ತು ಅಕ್ಷರ-ಅಂಕಿಗಳನ್ನು ಟೈಪ್ ಮಾಡಬೇಕು, ‘ಪ್ಯಾನ್ ಕಾರ್ಡ್ ಪ್ರತಿ’ ಎಂದರೆ ಚಿತ್ರ ಲಗತ್ತಿಸಬೇಕು. ಎರಡು ಖಾನೆಗಳಿಗೂ ‘ಪ್ಯಾನ್ ಕಾರ್ಡ್’ ಎಂದೇ ಬರೆದರೆ ತುಂಬುವವರು ಗೊಂದಲಕ್ಕೆ ಬೀಳುತ್ತಾರೆ.

ಪುನರುಕ್ತಿಗಿಂತ ಕೆಟ್ಟದ್ದು ತಪ್ಪು ಬಾಲ. ‘ಕೋವಿಡ್ ಕಾಯಿಲೆ’ ಪುನರುಕ್ತಿ, ಏಕೆಂದರೆ ಅದರ ಡಿ ಎಂದರೆ ಡಿಸೀಸ್. ‘ಕೋವಿಡ್ ವೈರಸ್’ನಲ್ಲಿ ಪುನರುಕ್ತಿ ಇಲ್ಲ, ಆದರೆ ಅದು ತಪ್ಪು. ಕೋವಿಡ್-19 ಕಾಯಿಲೆಯ ಹೆಸರು. ವೈರಸ್ಸಿನ ಹೆಸರು ಸಾರ್ಸ್-ಕೋವ್-2. ಎರಡೂ ಹೆಸರುಗಳು ಹೊರಬಂದದ್ದು 2020ರ ಫೆಬ್ರವರಿ 11ರಂದು. ಹೀಗೇ ‘ಎಚ್‌ಐವಿ ವೈರಸ್’ ಪುನರುಕ್ತಿಯಷ್ಟೇ, ‘ಎಚ್‌ಐವಿ ಕಾಯಿಲೆ’ ಎಂದರೆ ವೈರಸ್ಸನ್ನೂ ಅದರಿಂದ ಬರುವ ಏಡ್ಸ್ ಅನ್ನೂ ಕಲಸಿದಂತೆ. ಅಲ್ಲಿ ಬರೆಯಬೇಕಾದ್ದು ‘ಎಚ್‌ಐವಿ ಸೋಂಕು’. ಕೆಂಪು ಗೆರೆ ಎಳೆಯುವವರ ಕಣ್ಣು ಮೊದಲು ಇಲ್ಲಿ ಬೀಳಲಿ.

ಅನೇಕ ಕಡೆ ಕತ್ತರಿಸಬೇಕಾದ್ದು ಬಾಲವನ್ನಲ್ಲ, ತಲೆಯನ್ನು. ‘ಐಸಿಯು ಘಟಕ’ದಲ್ಲಿ ಯು ಯೂನಿಟ್, ‘ಒಪಿಡಿ ವಿಭಾಗ’ದಲ್ಲಿ ಡಿ ಡಿಪಾರ್ಟ್‌ಮೆಂಟ್, ‘ಇಎಂಐ ಕಂತು’ವಿನಲ್ಲಿ ಐ ಇನ್‌ಸ್ಟಾಲ್‌ಮೆಂಟ್. ಬಾಲ ತೆಗೆದರೆ ‘ಐಸಿಯುಗೆ’, ‘ಒಪಿಡಿಗೆ’, ‘ಇಎಂಐ ಕಟ್ಟಿ’ ಎಂದಾಗುತ್ತದೆ, ಚೆನ್ನಾಗಿಯೇ ಇದೆ. ತಲೆ ಬದಲಿಸಿದರೆ ‘ತೀವ್ರ ನಿಗಾ ಘಟಕ’, ‘ಹೊರರೋಗಿ ವಿಭಾಗ’, ‘ಸಾಲದ ಕಂತು’. ಇವೂ ಬಳಕೆಯಲ್ಲಿರುವ ಮಾತುಗಳೇ, ಪ್ರತ್ಯಯಕ್ಕೂ ಒಗ್ಗುತ್ತವೆ. ಸಾರ್ವಜನಿಕರಿಗೆ ಹೋಗುವ ಪ್ರಕಟಣೆಗೆ ಎರಡನೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಬೆರೆಸಿ ‘ತೀವ್ರ ನಿಗಾ ಐಸಿಯು ಘಟಕ’ ಎಂದು ಮಾತ್ರ ಬರೆಯಬೇಡಿ.

ತಲೆಯ ಮುಂದೆ ಅಂಟಿಕೊಳ್ಳುವ ಪುನರುಕ್ತಿ ಕಣ್ಣು ತಪ್ಪಿಸಿಕೊಳ್ಳುವುದು ಜಾಸ್ತಿ. ‘ತಿಂಗಳ ಇಎಂಐ’ಯಲ್ಲಿ ಎಂ ಎಂದರೇ ಮಂತ್ಲಿ. ಆದರೆ ಎಫ್ ಎಂದರೆ ಫಸ್ಟ್ ಎಂದು ‘ಮೊದಲ ಎಫ್‌ಐಆರ್’ ಕಂಡ ಕೂಡಲೇ ಆತುರಪಡಬೇಡಿ. ಒಬ್ಬನ ಮೇಲೆ ಬೇರೆ ಬೇರೆ ಪ್ರಕರಣಗಳಲ್ಲಿ ಮೂರು ಎಫ್‌ಐಆರ್ ದಾಖಲಾಗಿದ್ದರೆ ಅವುಗಳಲ್ಲಿ ಒಂದು ಮೊದಲನೆಯದು ಇದ್ದೇ ಇರುತ್ತದೆ. ‘ಎಫ್‌ಐಆರ್ ವರದಿ’ಯ ಬಾಲ ಮಾತ್ರ ವ್ಯರ್ಥ, ಆರ್ ಎಂದರೇ ರಿಪೋರ್ಟ್.

ಓದುಗನಿಗೆ ಅಪರಿಚಿತ ಹೆಸರಾದರೆ ಬಾಲವೇ ಅರ್ಥವಿವರಣೆ. ‘ಇಸ್ರೋ ಸಂಸ್ಥೆ’ಯಲ್ಲಿ ‘ಸಂಸ್ಥೆ’ ಬೇಡ, ಒ ಎಂದರೆ ಆರ್ಗನೈಸೇಶನ್, ಅದು ಏನೆಂದು ಎಲ್ಲರಿಗೂ ಗೊತ್ತು. ಆರ್ಥಿಕ ಸಹಕಾರಕ್ಕಾಗಿ ಹಲವು ದೇಶಗಳು ಕಟ್ಟಿಕೊಂಡ ‘ಒಇಸಿಡಿ’ಯ ಮೊದಲ ಒ ಕೂಡ ಅದೇ, ಆದರೂ ಮೊದಲ ಸಲ ‘ಒಇಸಿಡಿ ಸಂಸ್ಥೆ’ ಎಂದರೆ ಓದುಗ ಉಪಕಾರ ನೆನೆಯುತ್ತಾನೆ. ಎರಡನೆಯ ಸಲದಿಂದ ತೆಗೆಯಿರಿ. ಲೇಸರ್, ರಾಡಾರ್‌ಗಳಂಥವು ಈಗ ಸಂಕ್ಷಿಪ್ತ ರೂಪಗಳೆಂಬ ನೆನಪನ್ನೇ ಕಳಚಿಕೊಂಡಿವೆ. ಲೇಸರ್‌ನ ಎಲ್ ಲೈಟ್ ಎಂದು ‘ಲೇಸರ್ ಬೆಳಕು’ ತಿದ್ದಹೊರಟರೆ ನಗೆಪಾಟಲು.

ಕನ್ನಡದ್ದೇ ಸಂಕ್ಷಿಪ್ತ ರೂಪಗಳನ್ನು ಯಾಕೋ ಯಾರೂ ತಿದ್ದುವುದಿಲ್ಲ. ‘ಕ್ರ.ಸಂ. ಸಂಖ್ಯೆ’, ‘ಮೊ.ನಂ. ಸಂಖ್ಯೆ’ ನಮೂನೆಗಳಲ್ಲಿ ಸಿಗುತ್ತವೆ. ಮೊತ್ತದ ಮುಂದೆ ರೂಪಾಯಿ ಚಿಹ್ನೆ, ಹಿಂದೆ ‘ರೂ.’ ಎರಡೂ ಕೂತಿರುತ್ತವೆ. ‘ಬೆಳಿಗ್ಗೆ 10 ಎಎಂ’ನಲ್ಲಿ ಒಂದು ಸಾಕು. ‘ಕ್ರಿ.ಶ. 1565ನೇ ಇಸವಿ’ ಇನ್ನೂ ಸ್ವಾರಸ್ಯದ್ದು: ಇಸವಿ ಎಂಬ ಪದ ಏಸುವಿನ ಅರಬ್ಬಿ ಹೆಸರಾದ ಈಸಾ ಎಂಬುದರಿಂದ ಬಂದದ್ದು, ಅರ್ಥ ಕ್ರಿಸ್ತ ಶಕವೇ. ಇಲ್ಲೂ ಒಂದು ಅಪವಾದವಿದೆ. ‘ದಿ.’ ಎಂದರೆ ದಿನಾಂಕವೂ ಹೌದು, ದಿವಂಗತವೂ ಹೌದು. ಆಹ್ವಾನಪತ್ರದಲ್ಲಿ ಹೆಸರಿನ ಪಕ್ಕವೇ ‘ದಿ.’ ಬಂದು ಅದು ದಿನಾಂಕವಾಗಿದ್ದರೆ ಪೂರ್ತಿ ಬರೆಯುವುದು ಮರ್ಯಾದೆ.

ಈಗ ತಿದ್ದುವ ಕ್ರಮ. ಕಡತದಲ್ಲಿ ಪ್ರತಿ ಸಂಕ್ಷಿಪ್ತ ರೂಪವನ್ನೂ ಗುರುತು ಹಾಕಿ, ಮುಖ್ಯಪದ ಯಾವುದೆಂದು ಬಿಡಿಸಿ, ಪಕ್ಕದ ನಾಮಪದವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅದಕ್ಕೆ ಹೋಲಿಸಿ. ‘ನಂಬರ್ ನಂಬರ್’ ಸುಲಭವಾಗಿ ಕಾಣುತ್ತದೆ, ‘ಟ್ಯಾಕ್ಸ್ ತೆರಿಗೆ’ ಅಷ್ಟು ಸುಲಭವಲ್ಲ. ಹೊಂದಿದರೆ ಬಾಲ ತೆಗೆದು ಇಡೀ ವಾಕ್ಯವನ್ನು ಗಟ್ಟಿಯಾಗಿ ಓದಿ. ಅರ್ಥ ಬದಲಾಗದೆ ನಾಲಿಗೆಯೂ ಎಡವದಿದ್ದರೆ ಹಾಗೇ ಬಿಡಿ. ಎಡವಿದರೆ ಪ್ರತ್ಯಯ ಬಿಟ್ಟು ನೋಡಿ, ಆಗಲೂ ಆಗದಿದ್ದರೆ ತಲೆ ಬದಲಿಸಿ. ಅದೂ ಆಗದಿದ್ದರೆ ಬಾಲ ಇರಲಿ.

ಇಡೀ ಕಡತದಲ್ಲಿ ಒಂದೇ ಸಲ ‘ಹುಡುಕಿ ಬದಲಿಸು’ ಒತ್ತಬೇಡಿ. ‘ಪಿನ್ ಸಂಖ್ಯೆ’ಯನ್ನು ‘ಪಿನ್’ ಎಂದು ಬದಲಿಸಲು ಹೇಳಿದರೆ ‘ಪಿನ್ ಸಂಖ್ಯೆಯನ್ನು’ ಎಂಬುದು ‘ಪಿನ್ಯನ್ನು’ ಎಂದಾಗುತ್ತದೆ, ‘ಪಿನ್ ಸಂಖ್ಯೆಗೆ’ ಎಂಬುದು ‘ಪಿನ್ಗೆ’ ಎಂದು ಒತ್ತಕ್ಷರವಾಗಿ ಅಂಟುತ್ತದೆ. ಬೇಕಾದ್ದು ‘ಪಿನ್ ಅನ್ನು’, ‘ಪಿನ್‌ಗೆ’. ಎರಡನೆಯದರಲ್ಲಿ ನಕಾರದ ಅರ್ಧಾಕ್ಷರ ಮತ್ತು ‘ಗೆ’ ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಅಕ್ಷರ ಇರಬೇಕು. ಎಟಿಎಂಗೆ ಈ ತೊಂದರೆ ಇಲ್ಲ. ಸೊನ್ನೆಯಲ್ಲಿ ಮುಗಿಯುವುದರಿಂದ ‘ಎಟಿಎಂಗೆ’, ‘ಎಟಿಎಂನಲ್ಲಿ’ ನೇರವಾಗಿ ಸೇರುತ್ತವೆ. ಹುಡುಕುವಾಗಲೂ ‘ಮಷೀನ್’, ‘ಮಶೀನ್’, ‘ಮೆಷಿನ್’, ‘ಯಂತ್ರ’ ಎಲ್ಲವನ್ನೂ ಬೇರೆ ಬೇರೆಯಾಗಿ ಹುಡುಕಬೇಕು.

ಕೊನೆಗೆ, ನಿಮ್ಮ ಮೇಜಿನ ಮೇಲೆ ಬರಬಹುದಾದ ಒಂದು ವಾಕ್ಯ: ‘ತಿಂಗಳ ಇಎಂಐ ಕಂತನ್ನು ಪಾವತಿಸಲು ಎಸ್‌ಎಂಎಸ್ ಸಂದೇಶದಲ್ಲಿ ಬರುವ ಒಟಿಪಿ ಪಾಸ್‌ವರ್ಡ್ ಸಂಖ್ಯೆಯನ್ನು ಬೆಳಿಗ್ಗೆ 10 ಎಎಂ ಒಳಗಾಗಿ ನಮೂದಿಸಿ.’ ಒಟಿಪಿಯ ಪಿ ಪಾಸ್‌ವರ್ಡ್, ಅದು ಸ್ವರದಲ್ಲಿ ಮುಗಿಯುತ್ತದೆ, ಹಿಡಿ ಬೇಡ. ‘ಎಸ್‌ಎಂಎಸ್’ ಮೂಲದಲ್ಲಿ ಸೇವೆಯ ಹೆಸರಾದರೂ ಈಗ ಸಂದೇಶದ ಹೆಸರೇ ಆಗಿದೆ. ಉಳಿಯುವುದು: ‘ಸಾಲದ ಕಂತು ಕಟ್ಟಲು, ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಯನ್ನು ಬೆಳಿಗ್ಗೆ 10ರೊಳಗೆ ನಮೂದಿಸಿ.’